ಕರೆಂಟ್ ಬಂದರೂ ಸರ್ವರ್ ಏಳದಿದ್ದರೆ: ಬಯೋಸ್ ಸೆಟಪ್ ಟಿಪ್ಪಣಿ

ಈ ಟಿಪ್ಪಣಿ ಡೆಲ್ ಪವರ್‌ಎಡ್ಜ್ ಸರ್ವರ್‌ಗೆ ಸಂಬಂಧಿಸಿದ್ದು. ಆನ್ ಆಗುವಾಗ ಎಫ್2 ಒತ್ತಿ ಸಿಸ್ಟಮ್ ಬಯೋಸ್‌ಗೆ (ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲೇ ಓಡುವ, ಯಂತ್ರದ ಮೂಲ ಹೊಂದಿಕೆಗಳ ತಂತ್ರಾಂಶ) ಹೋಗಿ. ಎಚ್‌ಪಿಇ ಪ್ರೊಲಯಂಟ್ ಆದರೆ ಎಫ್9. ಮೆನು ಹೆಸರುಗಳು ಬೇರೆ, ವಿಷಯ ಹೆಚ್ಚು ಕಡಿಮೆ ಅದೇ. ನಮಗೆ ಬೇಕಾದ ಪುಟಗಳು ಎರಡು: ಸಿಸ್ಟಮ್ ಸೆಕ್ಯುರಿಟಿ ಮತ್ತು ಸಿಸ್ಟಮ್ ಪ್ರೊಫೈಲ್. ಕರೆಂಟ್ ಹೋಗಿ ಬಂದಾಗ ಏನಾಗಬೇಕೆಂದು ಹೇಳುವ 'ಎಸಿ ಪವರ್ ರಿಕವರಿ' ಪ್ರೊಫೈಲ್ ಪುಟದಲ್ಲಿ ಇರಬೇಕಿತ್ತು. ಅದು ಇರುವುದು ಸೆಕ್ಯುರಿಟಿ ಪುಟದಲ್ಲಿ, ಹುಡುಕುವವರಿಗೆ ಅಲ್ಲೇ ಮೊದಲ ಸುಸ್ತು.

ಅದಕ್ಕೆ ಮೂರು ಆಯ್ಕೆ: ಲಾಸ್ಟ್, ಆನ್, ಆಫ್. ನಾವು ಬದಲಿಸದಿದ್ದರೆ ಇರುವುದು ಲಾಸ್ಟ್, ಅಂದರೆ ಕರೆಂಟ್ ಹೋದಾಗ ಇದ್ದ ಸ್ಥಿತಿಗೇ ಮರಳುವುದು. 'ಮೊದಲು ಓಡುತ್ತಿತ್ತಲ್ಲ, ಹಾಗಾದರೆ ತಾನೇ ಏಳುತ್ತದೆ' ಎಂದುಕೊಳ್ಳುತ್ತೇವೆ. ಯುಪಿಎಸ್ (ಬ್ಯಾಟರಿ ಬ್ಯಾಕಪ್) ಇಲ್ಲದಿದ್ದರೆ ಅದು ಸರಿ. ಯುಪಿಎಸ್ ಇದ್ದರೆ ನಡೆಯುವುದನ್ನು ನಿಧಾನವಾಗಿ ನೋಡಿ. ಬೀದಿಯ ಕರೆಂಟ್ ಹೋಯಿತು. ಬ್ಯಾಟರಿ ತಗ್ಗಿದಾಗ, ಯುಪಿಎಸ್ ಮೇಲೆ ಕಣ್ಣಿಡುವ ನಟ್‌ನಂಥ (NUT) ತಂತ್ರಾಂಶ ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಿತು. ಆಮೇಲೆ ಬ್ಯಾಟರಿ ಖಾಲಿಯಾಗಿ ಸರ್ವರ್‌ಗೆ ಬರುವ ವಿದ್ಯುತ್ ನಿಂತಿತು. ಫರ್ಮ್‌ವೇರ್ (ಬಯೋಸ್‌ನಂಥ, ಯಂತ್ರದೊಳಗೇ ಇರುವ ತಂತ್ರಾಂಶ) ಲೆಕ್ಕದಲ್ಲಿ ಕರೆಂಟ್ ಹೋದದ್ದೆಂದರೆ ಈ ಕೊನೆಯ ಕ್ಷಣ ಮಾತ್ರ. ಬೀದಿಯಲ್ಲಿ ಏನಾಯಿತೆಂಬುದು ಅದಕ್ಕೆ ತಿಳಿಯದು. ಆ ಕ್ಷಣದಲ್ಲಿ ಸರ್ವರ್ ಆಫ್ ಆಗಿತ್ತು. ಆದ್ದರಿಂದ ಕರೆಂಟ್ ಬಂದಾಗಲೂ ಅದು ಆಫ್ ಆಗಿಯೇ ಉಳಿಯುತ್ತದೆ. ನಾವು ಜೋಪಾನವಾಗಿ ಶಟ್‌ಡೌನ್ ಮಾಡಿಸಿದ್ದೇ ಅದನ್ನು ಮಲಗಿಸಿಬಿಡುತ್ತದೆ. ಇಲ್ಲಿ ಬೇಕಾದದ್ದು 'ಆನ್'.

ಅಷ್ಟಕ್ಕೇ ಮುಗಿಯುವುದಿಲ್ಲ. ಶಟ್‌ಡೌನ್ ಆದ ಮೇಲೆ, ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲೇ ಕರೆಂಟ್ ಬಂದರೆ? ಸರ್ವರ್‌ಗೆ ವಿದ್ಯುತ್ ತಪ್ಪಲೇ ಇಲ್ಲ, ಹಾಗಾಗಿ 'ರಿಕವರಿ' ಎಂಬ ಪ್ರಸಂಗವೇ ಬರುವುದಿಲ್ಲ. 'ಆನ್' ಇಟ್ಟಿದ್ದರೂ ಯಂತ್ರ ಸುಮ್ಮನೆ ಕೂತಿರುತ್ತದೆ. ಅದಕ್ಕಾಗಿ ಶಟ್‌ಡೌನ್‌ನ ಕಟ್ಟಕಡೆಯ ಹಂತದಲ್ಲಿ ನಟ್, ಯುಪಿಎಸ್‌ಗೆ 'ಹೊರಹರಿವನ್ನು ಕಡಿದು, ಕರೆಂಟ್ ಇದ್ದರೆ ಮತ್ತೆ ಕೊಡು' ಎಂದು ಹೇಳುವಂತೆ ಹೊಂದಿಸಬೇಕು. ಯುಎಸ್‌ಬಿ ಯುಪಿಎಸ್‌ಗಳ ಡ್ರೈವರ್‌ನಲ್ಲಿ ಕಡಿಯುವ ತಡ 20 ಸೆಕೆಂಡ್, ಮತ್ತೆ ಕೊಡುವ ತಡ 30 ಸೆಕೆಂಡ್ ಎಂದು ಮೊದಲೇ ಇರುತ್ತದೆ. ಬದಲಿಸುವುದಾದರೆ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚೇ ಇರಲಿ.

ಒಂದೇ ರ‍್ಯಾಕ್‌ನಲ್ಲಿ ಹಲವು ಸರ್ವರ್‌ಗಳಿದ್ದರೆ ರಿಕವರಿ ಡಿಲೇಯನ್ನು 'ರ‍್ಯಾಂಡಮ್' ಮಾಡಿ. ಎಲ್ಲವೂ ಒಟ್ಟಿಗೆ ಎದ್ದು ಲೋಡ್ ಒಮ್ಮೆಲೇ ಏರುವುದು ತಪ್ಪುತ್ತದೆ.

ಇನ್ನು ಪಾಸ್‌ವರ್ಡ್. ಅದೇ ಪುಟದಲ್ಲಿ ಸಿಸ್ಟಮ್ ಪಾಸ್‌ವರ್ಡ್, ಸೆಟಪ್ ಪಾಸ್‌ವರ್ಡ್ ಎರಡೂ ಪಕ್ಕಪಕ್ಕ ಇವೆ. ಸೆಟಪ್ ಪಾಸ್‌ವರ್ಡ್ ಬಯೋಸ್ ಬದಲಾವಣೆಯನ್ನು ತಡೆಯುತ್ತದೆ, ಅದು ಬೇಕೇ ಬೇಕು. ಸಿಸ್ಟಮ್ ಪಾಸ್‌ವರ್ಡನ್ನು ಪ್ರತಿ ಬೂಟ್‌ನಲ್ಲೂ ಕೇಳುತ್ತದೆ. ಮೇಲಿನದೆಲ್ಲ ಸರಿಯಾಗಿದ್ದು ನಡುರಾತ್ರಿ ಸರ್ವರ್ ಎದ್ದರೂ, ಯಾರಾದರೂ ಬಂದು ಟೈಪ್ ಮಾಡುವವರೆಗೆ ಅಲ್ಲೇ ನಿಲ್ಲುತ್ತದೆ. ಮನುಷ್ಯರಿಲ್ಲದ ಕೋಣೆಯ ಸರ್ವರ್‌ಗೆ ಅದನ್ನು ಹಾಕಬಾರದು ಎಂಬುದು ನನ್ನ ಪಕ್ಷ. ಮದರ್‌ಬೋರ್ಡ್ ಮೇಲಿನ ಜಂಪರ್‌ನಿಂದ (ಪಿನ್‌ಗಳನ್ನು ಜೋಡಿಸುವ ಪುಟ್ಟ ತುಂಡು) ಎರಡು ಪಾಸ್‌ವರ್ಡ್‌ಗಳನ್ನೂ ಅಳಿಸಬಹುದಾದ್ದರಿಂದ ಕೋಣೆಯ ಬೀಗಕ್ಕೆ ಅವು ಬದಲಿಯಲ್ಲ.

ಸಿಪಿಯು ವೇಗ, ವಿದ್ಯುತ್ ಬಳಕೆ ಹೊಂದಿಸುವ ಸಿಸ್ಟಮ್ ಪ್ರೊಫೈಲ್ ಬಗ್ಗೆ ಚುಟುಕಾಗಿ: 'ಪರ್ಫಾರ್ಮೆನ್ಸ್ ಪರ್ ವಾಟ್' ಎರಡು ಬಗೆ. ಡಿಎಪಿಸಿ (ಡೆಲ್ ಆಕ್ಟಿವ್ ಪವರ್ ಕಂಟ್ರೋಲರ್) ಎಂದಿದ್ದರೆ ಸಿಪಿಯು ವೇಗವನ್ನು ಫರ್ಮ್‌ವೇರ್ ಆಳುತ್ತದೆ, ಓಎಸ್ ಎಂದಿದ್ದರೆ ಆಪರೇಟಿಂಗ್ ಸಿಸ್ಟಮ್. ಲಿನಕ್ಸ್‌ನಲ್ಲಿ ಸಿಪಿಯು ವೇಗ ತೋರಿಸುವ ಸಿಪಿಯುಪವರ್ ಆದೇಶ 'ಡ್ರೈವರ್ ಇಲ್ಲ' ಎಂದರೆ ಕರ್ನಲ್ ಮೇಲೆ ಹರಿಹಾಯುವ ಮುನ್ನ ಇದನ್ನು ನೋಡಿ. ಸಿ-ಸ್ಟೇಟ್ (ಸಿಪಿಯು ಬಿಡುವಿನ ನಿದ್ದೆ), ಟರ್ಬೊ (ತಾತ್ಕಾಲಿಕ ಹೆಚ್ಚು ವೇಗ) ಆಯ್ಕೆಗಳು ಮಸುಕಾಗಿ ಕಂಡರೆ ಪ್ರೊಫೈಲನ್ನು 'ಕಸ್ಟಮ್' ಮಾಡಿ, ತೆರೆದುಕೊಳ್ಳುತ್ತವೆ.

ನಂಬಿಕೆಯ ಡಿಜಿಟಲ್ ಸಹಿಯಿರುವ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇರಲಿ. ಆಗ ಸಹಿಯಿಲ್ಲದ ಕರ್ನಲ್ ಮಾಡ್ಯೂಲ್‌ಗಳು ಲೋಡ್ ಆಗದಿರಬಹುದು. ವಿಂಡೋಸ್ ಸರ್ವರ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್ ಗೂಢಲಿಪೀಕರಣ) ಟಿಪಿಎಂ (ಕೀಲಿ ಕಾಯುವ ಭದ್ರತಾ ಚಿಪ್) ಜತೆ ಓಡುತ್ತಿದ್ದರೆ ಸೆಕ್ಯೂರ್ ಬೂಟ್ ಬದಲಿಸುವ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಮುನ್ನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಇಲ್ಲವಾದರೆ ಮುಂದಿನ ಬೂಟ್‌ನಲ್ಲಿ ಅದು ರಿಕವರಿ ಕೀ ಕೇಳಬಹುದು, ಸರ್ವರ್ ಮತ್ತೆ ಕೀಲಿಮಣೆಯ ಮುಂದೆ ಯಾರಾದರೂ ಬರಲೆಂದು ಕಾಯುತ್ತದೆ.