ಕೂಡಿಹಾಕಿದವನನ್ನೇ ಪ್ರೀತಿಸುವ ಕಥೆ ಹಿಡಿಸಿದರೆ ತಪ್ಪೇ?

ಪ್ರಶ್ನೆ: ಅಪಹರಿಸಿ ಕೂಡಿಹಾಕಿದವನನ್ನೇ ನಾಯಕಿ ಕೊನೆಗೆ ಪ್ರೀತಿಸುವ ಡಾರ್ಕ್ ರೊಮ್ಯಾನ್ಸ್ ಕಾದಂಬರಿಯೊಂದನ್ನು ಮೆಟ್ರೋದಲ್ಲಿ ಓಡಾಡುತ್ತಲೇ ಓದಿ ಮುಗಿಸಿದೆ. ಇದು ಬರೀ ಸ್ಟಾಕ್‌ಹೋಮ್ ಸಿಂಡ್ರೋಮ್, ಅಂದರೆ ಸೆರೆಯಲ್ಲಿಟ್ಟವನ ಮೇಲೆಯೇ ಸೆರೆಯಾದವರಿಗೆ ಒಲವು ಹುಟ್ಟುವ ಸ್ಥಿತಿ, ಎಂದು ಗೆಳತಿಯರು ಹೇಳುತ್ತಾರೆ. ಹಾಗಾದರೆ ಅದು ನನಗೆ ಹಿಡಿಸಿದ್ದು ತಪ್ಪೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಹಿಡಿಸಿದ್ದು ತಪ್ಪಲ್ಲ. ನಿಮ್ಮ ಗೆಳತಿಯರು ಕೊಟ್ಟ ಹೆಸರೂ ಇಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ. 1973ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಬ್ಯಾಂಕೊಂದಕ್ಕೆ ನುಗ್ಗಿದ ಯಾನ್ ಎರಿಕ್ ಓಲ್ಸನ್ ಎಂಬಾತ ನಾಲ್ವರು ಸಿಬ್ಬಂದಿಯನ್ನು ಆರು ದಿನ ಒತ್ತೆಯಾಗಿಟ್ಟುಕೊಂಡಿದ್ದ. ಅವರಲ್ಲೊಬ್ಬರಾದ ಕ್ರಿಸ್ಟಿನ್ ಎನ್‌ಮಾರ್ಕ್, ಪ್ರಧಾನಿ ಊಲೋಫ್ ಪಾಲ್ಮೆ ಅವರೊಂದಿಗೆ ದೂರವಾಣಿಯಲ್ಲಿ ಮಾತನಾಡುತ್ತ, ತಮಗೆ ದರೋಡೆಕೋರರಿಗಿಂತ ಪೊಲೀಸರು ಒಳನುಗ್ಗಿಯಾರೆಂಬುದೇ ಹೆಚ್ಚಿನ ಭಯವೆಂದು ಹೇಳಿದರು. ಪೊಲೀಸರಿಗೆ ಸಲಹೆ ನೀಡುತ್ತಿದ್ದ ಮನೋವೈದ್ಯ ನಿಲ್ಸ್ ಬೇಜೆರೋಟ್ ಆ ವರ್ತನೆಗೊಂದು ಹೆಸರಿಟ್ಟರು. ಅದು ಜಗತ್ತಿನಾದ್ಯಂತ ಹಬ್ಬಿತು. ಆದರೆ ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸುವ ರೋಗನಿರ್ಣಯದ ಕೈಪಿಡಿಯಲ್ಲಿ ಇಂದಿಗೂ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಬಂದೂಕು ಹಿಡಿದವನ ಮರ್ಜಿಯಲ್ಲಿ ಜೀವವಿರುವಾಗ ಅವನ ಮನಸ್ಸನ್ನು ನೋಯಿಸದೆ ದಿನ ನೂಕುವುದನ್ನು ಪ್ರೀತಿ ಎನ್ನುವುದಕ್ಕಿಂತ ಬದುಕುಳಿಯುವ ಜಾಣ್ಮೆ ಎನ್ನುವುದೇ ನ್ಯಾಯ.

ಕಾದಂಬರಿಯಲ್ಲಿ ನಡೆಯುವುದು ಬೇರೆ. ಈ ಬಗೆಯ ಪುಸ್ತಕಗಳಲ್ಲಿ ಬಹುಪಾಲು ಒಂದು ಅಧ್ಯಾಯವನ್ನು ಅವಳು ಹೇಳಿದರೆ ಮುಂದಿನದನ್ನು ಅವನು ಹೇಳುತ್ತಾನೆ, ಎರಡೂ ‘ನಾನು’ ಎಂಬ ಉತ್ತಮ ಪುರುಷದಲ್ಲಿ. ಅವಳ ಅಧ್ಯಾಯದಲ್ಲಿ ಬಾಗಿಲಿನ ಚಿಲಕ ಹೊರಗಿನಿಂದ ಸರಿಯುತ್ತದೆ, ಊಟದ ತಟ್ಟೆ ಒಳಗೆ ಬರುತ್ತದೆ, ಅವನು ಮಾತಿಲ್ಲದೆ ಹೋಗುತ್ತಾನೆ, ಅವಳು ಗೋಡೆಗೊರಗಿ ನಡುಗುತ್ತಾಳೆ. ಪುಟ ತಿರುಗಿಸಿದರೆ ಅದೇ ದೃಶ್ಯ ಅವನ ಬಾಯಲ್ಲಿ ಬರುತ್ತದೆ: ಅವಳು ನಿನ್ನೆ ಸಾರನ್ನು ಮುಟ್ಟಿರಲಿಲ್ಲವೆಂದು ಇಂದು ಬೇರೆ ಅಡುಗೆ ಮಾಡಿಸಿದ್ದಾನೆ, ಮೆಟ್ಟಿಲ ಮೇಲೆ ಕುಳಿತು ಚಮಚದ ಸದ್ದಿಗೆ ಕಿವಿಗೊಟ್ಟಿದ್ದಾನೆ. ಅವನು ಅವಳ ಪ್ರಾಣ ತೆಗೆಯುವವನಲ್ಲವೆಂಬುದು ಅವಳಿಗೆ ತಿಳಿಯುವುದಕ್ಕೆ ನೂರಾರು ಪುಟ ಮೊದಲೇ ನಮಗೆ ತಿಳಿದಿರುತ್ತದೆ. ಅದಲ್ಲದೆ, ರೊಮ್ಯಾನ್ಸ್ ಎಂಬ ಪ್ರಕಾರವೇ ಸುಖಾಂತದ ಭರವಸೆಯನ್ನು ಮುಂಗಡವಾಗಿ ಕೊಟ್ಟಿರುತ್ತದೆ. ಹಿಂಸೆ, ಬಲಾತ್ಕಾರಗಳಿರುವ ಬಗ್ಗೆ ಎಚ್ಚರಿಕೆಯ ಪುಟವೂ ಅನೇಕ ವೇಳೆ ಮೊದಲಲ್ಲೇ ಇರುತ್ತದೆ. ಹೀಗಾಗಿ ಕೋಣೆಯೊಳಗಿರುವ ಹೆಣ್ಣಿಗಿಲ್ಲದ ಅಭಯ ಓದುವವರಿಗಿದೆ. ಭಯವನ್ನು ಸವಿಯುವುದು ಸಾಧ್ಯವಾಗುವುದು ಆ ಅಭಯದಿಂದ. ನಿಮ್ಮ ನಿಲ್ದಾಣ ಬಂದೊಡನೆ ನೀವು ಪುಸ್ತಕ ಮುಚ್ಚಿ ಇಳಿದು ಹೋಗಬಲ್ಲಿರಿ, ಅವಳು ಹೋಗಲಾರಳು.

ನಿಜಜೀವನದಲ್ಲಿ ಕೂಡಿಹಾಕಿದವನ ಅಧ್ಯಾಯವನ್ನು ನಮಗೆ ಯಾರೂ ಓದಿ ಹೇಳುವುದಿಲ್ಲ. ಅವನ ಮನದಾಳದ ಪ್ರೀತಿ ಕಾನೂನಿಗೂ ಬೇಕಿಲ್ಲ: ಹತ್ತು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಒಬ್ಬರನ್ನು ಅಕ್ರಮ ಬಂಧನದಲ್ಲಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 127ನೆಯ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಾಗಬಹುದು. ನಿಮ್ಮ ನಾಯಕ ಪುಸ್ತಕ ಅರ್ಧವಾಗುವ ಮೊದಲೇ ಆ ಗಡಿ ದಾಟಿರುತ್ತಾನೆ.

ಇದೆಲ್ಲ ಇಂಗ್ಲಿಷ್ ಪುಸ್ತಕಗಳಿಂದ ಅಂಟಿಕೊಂಡ ಜಾಡ್ಯವೆನ್ನುವವರಿದ್ದಾರೆ. ಅವರು ಹಳಗನ್ನಡದ ಜೈನ ಕವಿ ಜನ್ನನನ್ನು ಓದಿಲ್ಲವೆಂದೇ ನನ್ನ ಅನುಮಾನ. 1209ರಲ್ಲಿ ಮುಗಿದ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ಕುರೂಪಿ ಮಾವುತನೊಬ್ಬನ ಹಾಡಿಗೆ ಸೋಲುತ್ತಾಳೆ, ತಡವಾಗಿ ಬಂದಳೆಂದು ಅವನಿಂದ ಹೊಡೆತ ತಿನ್ನುತ್ತಾಳೆ, ಆದರೂ ಅವನನ್ನು ಬಿಡುವುದಿಲ್ಲ. ಆಕೆ ಯಾರ ಸೆರೆಯಲ್ಲೂ ಇರಲಿಲ್ಲ. ಗಂಡ ಮಲಗಿದ ಮೇಲೆ ತನ್ನ ಕಾಲಮೇಲೆ ನಡೆದು ಹೋದವಳು. ಜನ್ನನ ಧರ್ಮ ಅವಳನ್ನು ಖಂಡಿಸುತ್ತದೆ, ಆದರೆ ಅವನ ಕಾವ್ಯ ಅವಳ ಮನಸ್ಸನ್ನು ಬಿಟ್ಟೂಬಿಡದೆ ಹಿಂಬಾಲಿಸುತ್ತದೆ. ನಾಗಚಂದ್ರನ ಪಂಪ ರಾಮಾಯಣದ ರಾವಣನಂತೂ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದವನು. ಕದ್ದು ತಂದ ಸೀತೆಯ ನಿಶ್ಚಲತೆಯನ್ನು ಕಂಡು ಅವನು ಪಶ್ಚಾತ್ತಾಪದಿಂದ ಬೇಯುತ್ತಾನೆ, ಅವಳನ್ನು ಹಿಂದಿರುಗಿಸುವ ಮನಸ್ಸು ಮಾಡುತ್ತಾನೆ. ಓದುಗರಿಗೆ ಅವನ ಮೇಲೆ ಕನಿಕರ ಹುಟ್ಟದೆ ಇರದು. ಆದರೆ ಕವಿ ಆ ಪಶ್ಚಾತ್ತಾಪದ ಬೆಲೆಯನ್ನು ಸೀತೆಯ ಒಲವಿನಿಂದ ಕಟ್ಟಿಸುವುದಿಲ್ಲ. ಇಂದಿನ ಡಾರ್ಕ್ ರೊಮ್ಯಾನ್ಸ್ ಬೇರೆಯಾಗುವುದು ಈ ಒಂದು ತಿರುವಿನಲ್ಲಿ: ಅಪಹರಿಸಿದವನು ಬದಲಾದರೆ ಸೆರೆಯಾದವಳು ಅವನನ್ನು ಪ್ರೀತಿಸಲೇಬೇಕೆಂಬ ಕರಾರು ಅದರಲ್ಲಿದೆ.

ಆದ್ದರಿಂದ ಪುಸ್ತಕ ಹಿಡಿಸಿತೇ ಎಂಬುದಕ್ಕಿಂತ, ಬಾಗಿಲು ತೆರೆದಾಗ ಲೇಖಕಿ ಏನು ಮಾಡಿದರೆಂಬುದನ್ನು ನಾನು ನೋಡುತ್ತೇನೆ. ಕೆಲವರು ನಾಯಕಿಯನ್ನು ನಿಜವಾಗಿಯೂ ಹೊರಗೆ ಕಳುಹಿಸುತ್ತಾರೆ: ಅವಳು ಮನೆ ಸೇರುತ್ತಾಳೆ, ಕೆಲಸ ಹಿಡಿಯುತ್ತಾಳೆ, ಸಿಟ್ಟು ಮಾಡುತ್ತಾಳೆ, ತಿಂಗಳುಗಳ ಬಳಿಕ ಬೇಡವೆನ್ನುವ ಹಕ್ಕು ಕೈಯಲ್ಲಿರುವಾಗ ಬೇಕೆನ್ನುತ್ತಾಳೆ. ಇನ್ನು ಕೆಲವರು ಹೊರಗೆ ಅವನಿಗಿಂತ ದೊಡ್ಡ ದುಷ್ಟನೊಬ್ಬನನ್ನು ಕಾವಲು ನಿಲ್ಲಿಸಿ, ಸೆರೆಮನೆಯೇ ಸುರಕ್ಷಿತವೆಂದು ತೋರಿಸಿ, ಅವಳ ಒಪ್ಪಿಗೆಯನ್ನು ಅಗ್ಗವಾಗಿ ಪಡೆದುಬಿಡುತ್ತಾರೆ. ಎರಡನೆಯದು ನನ್ನ ಮಟ್ಟಿಗೆ ಸೋಮಾರಿ ಬರವಣಿಗೆ, ಗದ್ಯ ಎಷ್ಟೇ ಸೊಗಸಾಗಿದ್ದರೂ ಸರಿ. ನಿಮ್ಮ ಪುಸ್ತಕ ಯಾವ ಬಗೆಯದೆಂದು ತಿಳಿಯಬೇಕಾದರೆ ಕೊನೆಯ ಐವತ್ತು ಪುಟಗಳನ್ನು ಇನ್ನೊಮ್ಮೆ, ಈ ಸಲ ಅವನ ಅಧ್ಯಾಯಗಳನ್ನು ಬಿಟ್ಟು ಅವಳವನ್ನಷ್ಟೇ ಓದಿ ನೋಡಿ.