ಸುತ್ತಿದ್ದಾಯ್ತು, ಒಳಗಿನ ಅಚ್ಚು ತೆಗೆಯುವುದು ಹೇಗೆ?

ರಾಕೆಟ್ ಮೋಟಾರ್‌ನ ಫೈಬರ್‌ಗ್ಲಾಸ್ ಕವಚ ಅಂದ ಕೂಡಲೇ ಮಾತು ಗಾಜಿನ ಎಳೆ, ಅದನ್ನು ಹಿಡಿದಿಡುವ ಅಂಟಾದ ರೆಸಿನ್ ಕಡೆಗೇ ಹೋಗುತ್ತದೆ. ಆ ಎಳೆಯನ್ನು ಯಾವುದರ ಮೇಲೆ ಸುತ್ತಬೇಕು ಎಂಬುದನ್ನು ಕೊನೆಗೆ ಕೇಳುತ್ತಾರೆ. ಆ ಒಳ ಅಚ್ಚಿಗೇ ಮ್ಯಾಂಡ್ರೆಲ್ ಅನ್ನುವುದು.

ಎರಡೂ ಕಡೆ ತೆರೆದ ಕೊಳವೆಯಾದರೆ ನುಣುಪಾದ ಅಲ್ಯೂಮಿನಿಯಂ ಸಾಕು. ರೆಸಿನ್ ಗಟ್ಟಿ ಮಾಡುವ ಒಲೆಯಲ್ಲಿ 100 ಮಿ.ಮೀ. ವ್ಯಾಸದ ಅಚ್ಚು 100 ಡಿಗ್ರಿ ಬಿಸಿಯೇರಿದರೆ ಸುಮಾರು 0.23 ಮಿ.ಮೀ. ಹಿಗ್ಗುತ್ತದೆ. ಉಕ್ಕು ಅದರ ಅರ್ಧದಷ್ಟು. ಹಿಗ್ಗಿದ ಅಳತೆಗೇ ರೆಸಿನ್ ಗಟ್ಟಿಯಾಗುತ್ತದೆ. ತಣ್ಣಗಾದಾಗ ಲೋಹ ಜಾಸ್ತಿ ಕುಗ್ಗಿ ತಾನೇ ಸಡಿಲವಾಗುತ್ತದೆ.

ಅಮೆರಿಕದಲ್ಲಿ 1940ರ ದಶಕದ ಕೊನೆಗೆ ಶುರುವಾದ ಈ ಸುತ್ತುವ ಕೆಲಸ 1959ರಲ್ಲಿ ವ್ಯಾನ್‌ಗಾರ್ಡ್-3 ಉಪಗ್ರಹ ಒಯ್ದ ರಾಕೆಟ್‌ನ ಮೂರನೇ ಹಂತಕ್ಕೆ, 1964ರ ಹೊತ್ತಿಗೆ ಪೊಲಾರಿಸ್ ಎ-3 ಕ್ಷಿಪಣಿಯ ಎರಡೂ ಹಂತಗಳಿಗೆ ಬಂತು. ಆಮೇಲೆ ಗಾಜಿನ ಬದಲು ಕೆವ್ಲಾರ್, ಕಾರ್ಬನ್ ಎಳೆಗಳು ಬಂದವು.

ತೊಡಕಾದದ್ದು ಗುಮ್ಮಟದಂಥ ತುದಿಗಳಿಂದ. ಇಂಥ ಕವಚ ಬಿಂದಿಗೆ ಇದ್ದ ಹಾಗೆ: ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಸುತ್ತುವಾಗ ಕಲ್ಲಿನಂತೆ ನಿಲ್ಲುವ ಅಚ್ಚು ಆಮೇಲೆ ಆ ಬಾಯಿಯಿಂದಲೇ ಹೊರಬರಬೇಕು. ಪ್ಲಾಸ್ಟರ್ ಅಚ್ಚು ಅಗ್ಗ, ಒಡೆದು ತೆಗೆಯಬಹುದು. ಆದರೆ ಚೆನ್ನಾಗಿ ಒಣಗದಿದ್ದರೆ ಒಲೆಯಲ್ಲಿ ಆವಿ ಬಿಡುತ್ತದೆ. ಒಡೆಯುವ ಪೆಟ್ಟು ಒಳಗಿನ ರಬ್ಬರ್ ಪದರಕ್ಕೂ ತಾಗಬಹುದು. ಸುತ್ತುವ ಮೊದಲೇ ಅಚ್ಚಿಗೆ ಹೊದಿಸಿದ, ಉರಿಯಿಂದ ಕವಚವನ್ನು ಕಾಯುವ ಪದರ ಅದು. ಅಲ್ಲಿ ಸಣ್ಣ ಗಾಯವೂ ಸಣ್ಣದಲ್ಲ. ಮರಳಿಗೆ ಪಾಲಿವಿನೈಲ್ ಆಲ್ಕೋಹಾಲ್ ಎಂಬ ನೀರಿಗೆ ಕರಗುವ ಅಂಟು ಬೆರೆಸಿ ಗಟ್ಟಿ ಮಾಡಿದರೆ ಬಿಸಿನೀರಿಗೆ ಕರಗಿ ಹರಿದುಹೋಗುತ್ತದೆ, ಪೆಟ್ಟೇ ಬೇಡ. ಆದರೆ ಒಲೆಯ ಬಿಸಿ ಮಿತಿ ಮೀರಿದರೆ ಅದು ಕರಗಲು ಹಟ ಮಾಡುತ್ತದೆ. ಉಪ್ಪನ್ನು ಕಾಯಿಸಿ ಕರಗಿಸಿ ಎರಕ ಹೊಯ್ದ ಅಚ್ಚು ಬಿಸಿ ತಡೆಯುತ್ತದೆ, ಆದರೆ ಭಾರ, ಬಿರುಕು ಬೇಗ. ತುಂಡು ತುಂಡಾಗಿ ಬಿಚ್ಚುವ ಲೋಹದ ಅಚ್ಚು ದುಬಾರಿ, ಆದರೆ ಮತ್ತೆ ಮತ್ತೆ ಬಳಸಬಹುದು.

ಹಾಗಾದರೆ ಯಾವುದು ಸರಿ? ಎಷ್ಟು ಕವಚ ಬೇಕು ಅನ್ನುವುದನ್ನು ಮೊದಲು ಕೇಳಬೇಕು ಅಲ್ವಾ? ಪೊಲಾರಿಸ್ ಕ್ಷಿಪಣಿಗಳು ಒಂದು ಜಲಾಂತರ್ಗಾಮಿಗೇ 16 ಬೇಕಿದ್ದವು. ಮೇಲಿನ ಹಂತಗಳಿಗೆ ನಾರು-ರೆಸಿನ್ ಕವಚವಿದ್ದ ನಮ್ಮ ಎಸ್‌ಎಲ್‌ವಿ-3 ರಾಕೆಟ್ 1979ರಿಂದ 1983ರವರೆಗೆ ಹಾರಿದ್ದು ನಾಲ್ಕೇ ಬಾರಿ. ಅದರ ನಾಲ್ಕನೇ ಹಂತದಿಂದ ಬಂದ ಮೋಟಾರ್ 1981ರಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆಪಲ್ ಉಪಗ್ರಹವನ್ನು ಭೂಸ್ಥಿರ ಕಕ್ಷೆಯತ್ತ ಒಯ್ದಿತು. ಅಷ್ಟು ಕಡಿಮೆ ಸಂಖ್ಯೆಗೆ ಒಂದು ಲೆಕ್ಕ, ನೂರಾರು ಕವಚಕ್ಕೆ ಇನ್ನೊಂದು.

ಈಗ ನೀರಿಗೆ ಕರಗುವ ಪ್ಲಾಸ್ಟಿಕ್‌ನಲ್ಲಿ ಅಚ್ಚನ್ನೇ 3ಡಿ ಮುದ್ರಿಸುತ್ತಾರೆ. ಎರಕ ಹೊಯ್ಯುವ ಕೆಲಸ ತಪ್ಪುತ್ತದೆ. ಬಿಸಿಗೆ ಅದು ಮೆತ್ತಗಾಗುತ್ತದೆ ಅನ್ನುವುದನ್ನು ಮಾತ್ರ ರೆಸಿನ್ ಆರಿಸುವ ಮೊದಲೇ ನೋಡಿಕೊಳ್ಳಬೇಕು.