ಬೆಟ್ಟದ ಮಣ್ಣಿನ ತೇವ: ಉಪಗ್ರಹಕ್ಕೆ ಕಾಣುವುದೆಷ್ಟು? ಕೊಡಗಿನ ಉದಾಹರಣೆ

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರದಲ್ಲಿ ಕೊಡಗಿನ ಬೆಟ್ಟಗಳನ್ನು ನೋಡುತ್ತಿದ್ದೆ. ಪ್ರತಿ ಬೆಟ್ಟದ ಮೂಡಣ ಮಗ್ಗುಲು ಬೆಳ್ಳಗೆ, ಪಡುವಣ ಮಗ್ಗುಲು ಕಪ್ಪಗೆ. ಬೆಳ್ಳಗಿರುವ ಕಡೆ ತೇವ ಜಾಸ್ತಿ ಎಂದು ಬರೆದುಕೊಂಡೆ. ಮುಂಗಾರು ಮಳೆ ಹೊಡೆಯುವುದು ಪಡುವಣ ಮಗ್ಗುಲಿಗೆ ಅಲ್ವಾ? ಅಲ್ಲೇ ಅನುಮಾನ ಬರಬೇಕಿತ್ತು. ನಾನು ನೋಡಿದ್ದು ನೀರನ್ನಲ್ಲ, ಇಳಿಜಾರನ್ನು. ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಾ ತನ್ನ ಬಲಕ್ಕೆ, ಅಂದರೆ ಪಶ್ಚಿಮಕ್ಕೆ ನೋಡುತ್ತಿತ್ತು. ಹಾಗಾಗಿ ಅದಕ್ಕೆ ಎದುರಾಗಿದ್ದ ಮೂಡಣ ಮಗ್ಗುಲು ಹೊಳೆದಿತ್ತು.

ಮೂಲ ತತ್ವ ಸರಳ. ಒಂದು ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂದು ಹೇಳುವ ಅಂಕಿ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದು ಸುಮಾರು 80, ಒಣ ಮಣ್ಣಿನದು 3ರಿಂದ 5. ಮಣ್ಣು ಹಸಿಯಾದಷ್ಟೂ ರಾಡಾರ್ ಅಲೆ ಜೋರಾಗಿ ಹಿಂದಿರುಗುತ್ತದೆ. ಹೀಗೆ ಹಿಂದಿರುಗುವುದನ್ನೇ ಬ್ಯಾಕ್‌ಸ್ಕ್ಯಾಟರ್ ಎನ್ನುವುದು. ಬರಿ ನೆಲವಾದರೆ ಒಣಗಿದಾಗಿನಿಂದ ನೆನೆದು ತೊಯ್ಯುವವರೆಗೆ ಇದು ಸಾಮಾನ್ಯವಾಗಿ ಐದಾರು ಡೆಸಿಬೆಲ್ ಏರುತ್ತದೆ. ಇಳಿಜಾರೊಂದೇ ಇಷ್ಟು ವ್ಯತ್ಯಾಸ ತರಬಲ್ಲದು. ಬೆಟ್ಟದ ಕಷ್ಟವೆಲ್ಲ ಇಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಅಲೆ ನೇರ ಲಂಬದಿಂದ 40 ಡಿಗ್ರಿ ವಾಲಿ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಉಪಗ್ರಹಕ್ಕೆ ಎದುರಾಗಿರುವ 25 ಡಿಗ್ರಿ ಇಳಿಜಾರಿಗೆ ಅದು 15 ಡಿಗ್ರಿಯಲ್ಲಿ ಬೀಳುತ್ತದೆ. ಬೆನ್ನು ತಿರುಗಿಸಿದ ಅಷ್ಟೇ ಇಳಿಜಾರಿಗೆ 65 ಡಿಗ್ರಿ. ಮಣ್ಣು ಒಂದೇ, ತೇವ ಒಂದೇ, ಅಂಕಿ ಮಾತ್ರ ಬೇರೆ. ಎದುರಿನ ಇಳಿಜಾರು 40 ಡಿಗ್ರಿ ದಾಟಿದರೆ ಬೆಟ್ಟದ ತುದಿ ಬುಡದ ಮೇಲೆ ಮಗುಚಿ ಬಿದ್ದಂತೆ ಕಾಣುತ್ತದೆ. ಇದು ಲೇಓವರ್. ಹಿಂದಿನ ಇಳಿಜಾರು 50 ದಾಟಿದರೆ ಪೂರ್ತಿ ನೆರಳು. ಇವೆರಡನ್ನೂ ಸರಿಪಡಿಸಲು ಹೋಗಬೇಡಿ, ಮಾಸ್ಕ್ ಮಾಡಿ, ಅಂದರೆ ಲೆಕ್ಕದಿಂದ ಹೊರಗಿಟ್ಟು ಬಿಟ್ಟುಬಿಡಿ. ಉಳಿದ ಜಾಗಕ್ಕೆ ಪ್ರತಿ 30 ಮೀಟರಿಗೊಂದು ನೆಲದ ಎತ್ತರ ಕೊಡುವ ನಕ್ಷೆ ಬಳಸಿ ಇಳಿಜಾರಿನ ತಿದ್ದುಪಡಿ ಮಾಡಬಹುದು.

ಹಾಗಾದರೆ ನೇರವಾಗಿ ತೇವಾಂಶವನ್ನೇ ಕೊಡುವ ಸ್ಮ್ಯಾಪ್ ಬಳಸಬಹುದಲ್ಲ? 2015ರ ಜನವರಿಯಲ್ಲಿ ನಾಸಾ ಹಾರಿಸಿದ ಉಪಗ್ರಹ ಅದು. ಅದರ ರಾಡಾರ್ ಅದೇ ವರ್ಷ ಜುಲೈನಲ್ಲಿ ಕೆಟ್ಟಿತು. ಉಳಿದದ್ದು ರೇಡಿಯೋಮೀಟರ್, ಅಂದರೆ ನೆಲ ತಾನಾಗಿ ಸೂಸುವ ಮೈಕ್ರೋವೇವ್ ಅಳೆಯುವ ಉಪಕರಣ. ಅದರ ಮೂಲ ಚೌಕದ ಒಂದು ಬದಿಯೇ 36 ಕಿ.ಮೀ. ಇಡೀ ಕೊಡಗು 4,102 ಚದರ ಕಿ.ಮೀ., ಅಂದರೆ ಮೂರೇ ಮೂರು ಚೌಕ ಚಿಲ್ಲರೆ! ಜಡಿಮಳೆಯ ಮಡಿಕೇರಿ, ಒಣ ಹವೆಯ ಕುಶಾಲನಗರ ಎರಡೂ ಒಂದೇ ಚೌಕದೊಳಗೆ ಸೇರಿಹೋಗಬಹುದು.

ಇಳಿಜಾರಿನ ಕಾಟ ತಪ್ಪಿಸಲು ನನಗೆ ಹಿಡಿಸಿದ ದಾರಿ ಬೇರೆ. ಒಂದೇ ಕಕ್ಷೆ, ಒಂದೇ ಕೋನದ ಹಲವು ದಿನಗಳ ಚಿತ್ರ ತೆಗೆದುಕೊಂಡು ಒಂದೇ ಜಾಗವನ್ನು ಅದರ ಜೊತೆಗೇ ಹೋಲಿಸುವುದು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಗಿಡ ನಿಧಾನವಾಗಿ ಬದಲಾಗುತ್ತದೆ, ಬೇಗ ಬದಲಾಗುವುದು ನೀರು. ಒಂದು ಪಿಕ್ಸೆಲಿನ ಬ್ಯಾಕ್‌ಸ್ಕ್ಯಾಟರ್ ಅತಿ ಒಣಗಿದಾಗ -14 ಡೆಸಿಬೆಲ್, ಅತಿ ಹಸಿಯಾದಾಗ -9, ಇವತ್ತಿನದು -11 ಎಂದುಕೊಳ್ಳಿ. ಒಣ ಮಿತಿಯಿಂದ ಮೂರು ಮೇಲೆ, ಒಟ್ಟು ಹರವು ಐದು. ಅಂದರೆ 60 ಶೇಕಡಾ. ಜೋಕೆ, ಇದು ಮಣ್ಣಿನಲ್ಲಿ 60 ಶೇಕಡಾ ನೀರಿದೆ ಎಂದಲ್ಲ. ಆ ಜಾಗದ ಒಣ ಮಿತಿಗೂ ಹಸಿ ಮಿತಿಗೂ ನಡುವೆ ಎಲ್ಲಿದೆ ಎಂದಷ್ಟೇ.

ಈ ದಾರಿ ಹುಲ್ಲುಗಾವಲಿನ ಬೆಟ್ಟಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಕಾಫಿ ತೋಟದಲ್ಲಿ ಕೈಕೊಡುತ್ತದೆ. ಸೆಂಟಿನೆಲ್-1ರ ಅಲೆಯ ಉದ್ದ 5.5 ಸೆಂ.ಮೀ. ಮಾತ್ರ. ನೆರಳಿನ ಮರ, ಅದರ ಕೆಳಗೆ ಕಾಫಿ ಗಿಡ, ಅಷ್ಟರಲ್ಲೇ ಅಲೆ ಸೋತುಹೋಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೋ ಜೊತೆಯಾಗಿ ಮಾಡಿದ ರಾಡಾರ್ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ಅಲೆ ಸುಮಾರು 24 ಸೆಂ.ಮೀ. ಅದು ಎಲೆಗಳ ನಡುವೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ದಟ್ಟ ಕಾಡಿನಲ್ಲಿ ಅದರಿಂದಲೂ ಜಾಸ್ತಿ ನಿರೀಕ್ಷೆ ಬೇಡ.

ಒಂದು ತಮಾಷೆ: ನಾಟಿಗೆ ನೀರು ಕಟ್ಟಿದ ಗದ್ದೆ ಕಪ್ಪಗೆ ಕಾಣುತ್ತದೆ. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಚಿಮ್ಮಿಸುತ್ತದೆ. ಲೆಕ್ಕದಲ್ಲಿ ಕಣಿವೆಯ ಅತಿ ಹಸಿ ಜಾಗವೇ ಅತಿ ಒಣ ಜಾಗವಾಗಿಬಿಡುತ್ತದೆ!

ನೆಲದ ಉಷ್ಣತೆ ಮತ್ತು ಹಸಿರಿನಿಂದ ತೇವ ಊಹಿಸುವ ವಿಧಾನವೂ ಇದೆ. ಮುಂಗಾರಿನ ಮೋಡದಲ್ಲಿ ಅದು ಕುರುಡು. ಬೇಸಿಗೆಯಲ್ಲಿ ಬಳಸಿದರೂ ಎತ್ತರದ ತಿದ್ದುಪಡಿ ಬೇಕು. ಕಿ.ಮೀ. ಏರಿದರೆ ಗಾಳಿ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. ಈ ವಿಧಾನ ತಣ್ಣಗಿರುವ ನೆಲವನ್ನು ಹಸಿ ಎಂದು ಓದುವುದರಿಂದ, ತಿದ್ದದಿದ್ದರೆ ಬೆಟ್ಟದ ತುದಿಗಳೆಲ್ಲ ಸುಮ್ನೆ ಹಸಿ ಎಂದು ಬರುತ್ತವೆ.

ನೆಲದಲ್ಲಿ ತಾಳೆ ನೋಡುವಾಗ ಮೇಲಿನ 5 ಸೆಂ.ಮೀ. ಮಣ್ಣು ತೆಗೆಯಿರಿ, ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ. ಒಂದೇ ಪಿಕ್ಸೆಲಿನಲ್ಲಿ ಇಳಿಜಾರಿನ ಮೇಲೆ, ನಡುವೆ, ಬುಡದಲ್ಲಿ ಎಂದು ಮೂರು ಕಡೆಯಾದರೂ ತೆಗೆಯಬೇಕು. ಬುಡದಲ್ಲಿ ಮಾತ್ರ ಅಗೆದರೆ ನಿಮ್ಮ ಲೆಕ್ಕ ಯಾವಾಗಲೂ ಹಸಿ.

ಆ 5 ಸೆಂ.ಮೀ. ಮರೆಯಬೇಡಿ. ಕೊಡಗು ಎಂದರೆ 2018ರ ಆಗಸ್ಟಿನ ಭೂಕುಸಿತ ಎಲ್ಲರಿಗೂ ನೆನಪಾಗುತ್ತದೆ. ಈ ನಕ್ಷೆಯಿಂದ ಅದನ್ನು ಹೇಳಬಹುದಿತ್ತೇ ಎಂದು ಕೇಳುತ್ತಾರೆ. ಗುಡ್ಡ ಕುಸಿಯುವುದು ಮೀಟರುಗಟ್ಟಲೆ ಆಳದಲ್ಲಿ ನೀರು ತುಂಬಿದಾಗ. ರಾಡಾರ್ ನೋಡುವುದು ಮಣ್ಣಿನ ಮೇಲಿನ ತೆಳು ಪದರ. ಸ್ಮ್ಯಾಪ್‌ನ ಇನ್ನೊಂದು ಉತ್ಪನ್ನ ಒಂದು ಮೀಟರ್ ಆಳದವರೆಗಿನ ತೇವ ಕೊಡುತ್ತದೆ, 9 ಕಿ.ಮೀ. ಚೌಕದಲ್ಲಿ. ಆದರೆ ಆ ಆಳದ ಅಂಕಿಯನ್ನು ಉಪಗ್ರಹ ಅಳೆದಿರುವುದಿಲ್ಲ, ಮಾದರಿ ಲೆಕ್ಕ ಹಾಕಿರುತ್ತದೆ.